ಪ್ರಾವಿಷನ್ ಅಂದರೆ ದಲಾಲಿ ಅಲ್ಲ

ರಾಯಚೂರಿನ ಹತ್ತಿ ಮಾರುಕಟ್ಟೆಯಲ್ಲಿ ದಲಾಲಿ ಅಂದರೇನು ಅಂತ ಯಾರಿಗೂ ಹೇಳಿಕೊಡಬೇಕಿಲ್ಲ. ಮಾಲು ಮಾರಿಸಿಕೊಟ್ಟವರಿಗೆ ಸಿಗುವ ಹಣ. ಜರ್ಮನ್ನರು ಅದಕ್ಕೆ ‘ಪ್ರೊವಿಜಿಯೋನ್’ ಅನ್ನುತ್ತಾರೆ. ಇಂಗ್ಲಿಷ್ ಲೆಕ್ಕಪತ್ರದಲ್ಲಿ ‘ಪ್ರಾವಿಷನ್’ ಇದೆ. ಬರೆದಾಗ ಎರಡಕ್ಕೂ ಅದೇ ಅಕ್ಷರಗಳು. ಅರ್ಥ ಮಾತ್ರ ಪೂರ್ತಿ ಬೇರೆ.

ಇಂಥ ಲೆಕ್ಕಪತ್ರಗಳನ್ನು ಜರ್ಮನ್‌ಗೆ ಅನುವಾದಿಸುವುದು ನನ್ನ ಕೆಲಸ. ಶುರುವಿನಲ್ಲಿ ಒಮ್ಮೆ ಆ ಪದವನ್ನು ಹಾಗೇ ಇಟ್ಟುಬಿಟ್ಟಿದ್ದೆ. ‘ಯಾವ ಏಜೆಂಟರಿಗೆ ಇಷ್ಟೊಂದು ಕಮಿಷನ್?’ ಅಂತ ಆ ಕಡೆಯಿಂದ ಪ್ರಶ್ನೆ ಬಂತು. ನಿಜಕ್ಕೂ ಅದು ವಾರಂಟಿ ದೂರುಗಳಿಗೆ ಅಂತ ಲೆಕ್ಕದಲ್ಲಿ ತೆಗೆದಿಟ್ಟ ಮೊತ್ತ.

ಅಲ್ಲಿಗೆ ಬೇಕಿದ್ದ ಪದ ‘ರ್ಯೂಕ್‌ಷ್ಟೆಲುಂಗ್’. ಮುಂದೆ ಕೊಡಬೇಕಾಗುತ್ತದೆ, ಆದರೆ ಎಷ್ಟು, ಯಾವಾಗ ಅನ್ನೋದು ಪಕ್ಕಾ ಇಲ್ಲ, ಅಂಥದ್ದಕ್ಕೆ ಇದು. ಹಾಗಂತ ಎಲ್ಲ ಕಡೆ ಇದನ್ನೇ ಹಾಕುವಂತಿಲ್ಲ. ಉದ್ರಿ ಕೊಟ್ಟು, ವಾಪಸ್ ಬರೋದು ಅನುಮಾನ ಅನ್ನುವ ಬಾಕಿಗೂ ಇಂಗ್ಲಿಷ್‌ನಲ್ಲಿ ಪ್ರಾವಿಷನ್ ಅಂತಲೇ ಬರೆಯುತ್ತಾರೆ. ಜರ್ಮನ್‌ನಲ್ಲಿ ಅದು ‘ವೇರ್ಟ್‌ಬೆರಿಷ್ಟಿಗುಂಗ್’. ಆ ಬಾಕಿಯ ಬೆಲೆಯನ್ನು ಇಳಿಸಿ ಸರಿಪಡಿಸುವುದು ಅಂತ ಅರ್ಥ. ಮೊದಲನೆಯದು ನಾವು ಕೊಡಬೇಕಾದದ್ದು, ಇದು ನಮಗೆ ಬರಬೇಕಾದದ್ದು. ಈಗ ನಾನು ನಿಘಂಟು ತೆರೆಯುವ ಮೊದಲು, ಆ ಮೊತ್ತ ಬ್ಯಾಲೆನ್ಸ್ ಶೀಟಿನ ಯಾವ ಕಡೆ ಕೂತಿದೆ ಅಂತ ನೋಡುತ್ತೇನೆ.

ಇನ್ನು ಬಿಲಿಯನ್. ಇದಂತೂ ನಿಜಕ್ಕೂ ಅಪಾಯದ ಪದ. ಇಂಗ್ಲಿಷ್‌ನ 1 ಬಿಲಿಯನ್ ಅಂದರೆ ನಮ್ಮ 100 ಕೋಟಿ. ಜರ್ಮನ್‌ನಲ್ಲಿ ಅದು ‘ಮಿಲಿಯಾರ್ಡೆ’. ಜರ್ಮನ್ನರ ‘ಬಿಲಿಯೋನ್’ ಅಂದರೆ 1 ಲಕ್ಷ ಕೋಟಿ, ಸಾವಿರ ಪಟ್ಟು ಜಾಸ್ತಿ! ನಾನು ಪ್ರತಿ ಸಲ ಕೋಟಿಗೆ ಇಳಿಸಿ, ಆಮೇಲೆ ಜರ್ಮನ್‌ಗೆ ಏರಿಸುತ್ತೇನೆ. ಚುಕ್ಕಿ, ಅಲ್ಪವಿರಾಮ ಕೂಡ ಅದಲುಬದಲು. ನಮ್ಮ 1,250.50 ಅಲ್ಲಿ 1.250,50.

ಡಿಸ್ಕೌಂಟ್‌ಗೂ ಒಂದೇ ಪದ ಸಾಲದು. ಬೆಲೆಯಲ್ಲೇ ಬಿಟ್ಟರೆ ‘ರಬಾಟ್’, ಬಿಲ್ಲಿನ ಹಣ ಬೇಗ ಕಟ್ಟಿದ್ದಕ್ಕೆ ಬಿಟ್ಟರೆ ‘ಸ್ಕೊಂಟೊ’. ಡೈರೆಕ್ಟರ್ ಅಂತ ಬಂದರೆ ಕಂಪನಿ ಯಾವ ಬಗೆಯದು ಅಂತ ಮೊದಲು ಕೇಳಬೇಕು. ಜರ್ಮನಿಯ ಜಿಎಂಬಿಎಚ್ (ಸೀಮಿತ ಹೊಣೆಯ) ಕಂಪನಿಯನ್ನು ನಡೆಸುವವರು ‘ಗೆಶೆಫ್ಟ್ಸ್‌ಫ್ಯೂರರ್’, ಷೇರು ಕಂಪನಿಯಾದ ಎಜಿಯಲ್ಲಿ ಅದೇ ಕೆಲಸ ‘ಫೋರ್‌ಷ್ಟಾಂಟ್’ ಮಂಡಳಿಯದು. ಕ್ಯಾಶ್‌ಫ್ಲೋ, ಅಂದರೆ ಹಣ ಬರುವ-ಹೋಗುವ ಲೆಕ್ಕ, ಮಾತ್ರ ಅಲ್ಲೂ ಕ್ಯಾಶ್‌ಫ್ಲೋನೇ. ಅದಕ್ಕೆ ಸುಮ್ನೆ ಹೊಸ ಪದ ಕಟ್ಟಲು ಹೋಗಬಾರದು.

ಕೆಲಸ ತರುವವರಲ್ಲಿ ನನ್ನದೊಂದು ಕೋರಿಕೆ. ಅಂಕಿಗಳ ಒಂದು ಹಾಳೆ ಮಾತ್ರ ಕಳಿಸಬೇಡಿ, ಅದರ ಹಿಂದಿರುವ ಟಿಪ್ಪಣಿಗಳನ್ನೂ ಕೊಡಿ. ಪ್ರಾವಿಷನ್ ಯಾವುದಕ್ಕೆ ಅಂತ ಬರೆದಿರುವುದು ಅಲ್ಲೇ ಅಲ್ವಾ?