ತಪ್ಪು ಬದನೆಕಾಯಿಯದೇ?

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ನಮ್ಮ ಚಿಕ್ಕಮ್ಮನ ಬೆರಳುಗಳನ್ನು ಕಳೆದ ವರ್ಷ ಹತ್ತಿರದಿಂದ ನೋಡಿದೆ. ಸಂದಿಗಳ ಚರ್ಮ ನೆನೆದು ಬಿಳಿಚಿಕೊಂಡಿತ್ತು. ತುದಿಗಳು ಸೀಳಿ ಒಳಗಿನ ಕೆಂಪು ಕಾಣುತ್ತಿತ್ತು. ಮುದ್ದೆಯನ್ನು ಸಾರಿನಲ್ಲಿ ಅದ್ದಿದರೆ ಖಾರ ತಾಗಿ ಸುರ್ರೆನ್ನುತ್ತದೆ ಎಂದು ಚಮಚ ಹಿಡಿದಿದ್ದರು. ಇಸುಬು ಎಂದರೆ ನಂಜು, ನಂಜು ಎಂದರೆ ಬದನೆಕಾಯಿ ಎಂದು ಮನೆಯವರು ತೀರ್ಮಾನಿಸಿ, ಆರು ತಿಂಗಳಿಂದ ಅದನ್ನು ಅವರ ತಟ್ಟೆಗೆ ಬಡಿಸಿರಲಿಲ್ಲ. ಕೈ ಮಾತ್ರ ಹಾಗೆಯೇ ಇತ್ತು.

ಇಸುಬಿನ ಹಿಂದೆ ಯಾವಾಗಲೂ ಅಲರ್ಜಿಯೇ ಇರಬೇಕಿಲ್ಲ. ಚರ್ಮದ ಮೇಲ್ಪದರದ ಕೋಶಗಳ ನಡುವೆ ಇಟ್ಟಿಗೆಗಳ ನಡುವಿನ ಗಾರೆಯಂತೆ ಕೊಬ್ಬಿನಂಶ ತುಂಬಿರುತ್ತದೆ. ಗೂಡು ಬೇಯುವ ಬಿಸಿನೀರಿನಲ್ಲಿ ದಿನವಿಡೀ ಕೈ ಆಡಿಸಿದರೆ ಆ ಗಾರೆ ತೊಳೆದುಹೋಗುತ್ತದೆ. ತೇವ ಆರಿ, ಚರ್ಮ ಬಿರಿದು, ಉರಿ ಹುಟ್ಟುತ್ತದೆ. ದೇಹ ಯಾವುದೋ ವಸ್ತುವನ್ನು ಶತ್ರುವೆಂದು ಗುರುತಿಸಿರಬೇಕಾದ ಅಗತ್ಯ ಇಲ್ಲಿಲ್ಲ. ಸಾಕಷ್ಟು ಕಾಲ ನೆನೆದರೆ ಯಾರ ಕೈಯಾದರೂ ಹೀಗಾಗಬಹುದು. ಪಾತ್ರೆ ತೊಳೆಯುವವರಲ್ಲಿ, ಆಸ್ಪತ್ರೆಯ ದಾದಿಯರಲ್ಲಿ ಕಾಣುವುದೂ ಬಹುಪಾಲು ಇದೇ.

ಕಾಂಗ್ರೆಸ್ ಗಿಡದ ಕಥೆ ಬೇರೆ. 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದ ಈ ಪಾರ್ಥೇನಿಯಂ ಇಂದು ನಮ್ಮ ಬಯಲುಸೀಮೆಯ ಬೀಳು ಹೊಲಗಳನ್ನೆಲ್ಲ ಆವರಿಸಿದೆ. ವರ್ಷಗಟ್ಟಲೆ ಬರಿಗೈಯಲ್ಲಿ ಕಿತ್ತರೂ ಏನೂ ಆಗದ ರೈತರಿಗೆ ಒಂದು ವರ್ಷ ರೆಪ್ಪೆ, ಕತ್ತು, ಮೊಣಕೈಯ ಮಡಿಕೆಗಳು ಊದಿ ತುರಿಸತೊಡಗುತ್ತವೆ. ಗಿಡದಲ್ಲಿರುವ ಪಾರ್ಥೆನಿನ್ ಎಂಬ ರಾಸಾಯನಿಕವನ್ನು ರಕ್ತದಲ್ಲಿನ ಟಿ ಕೋಶಗಳೆಂಬ ರೋಗನಿರೋಧಕ ಕೋಶಗಳು ಶತ್ರುವೆಂದು ನೆನಪಿಟ್ಟುಕೊಂಡಿರುತ್ತವೆ. ಆಮೇಲೆ ಗಾಳಿಯಲ್ಲಿ ಹಾರಿಬರುವ ಒಣಗಿದ ಪುಡಿಯೂ ಸಾಕು. ತಾಗಿದ ಒಂದೆರಡು ದಿನಗಳ ಬಳಿಕ ತುರಿಕೆ ಏಳುವುದರಿಂದ, ಅಂದು ಉಂಡ ಊಟದ ಮೇಲೆ ಅನುಮಾನ ಬರುವುದು ಸಹಜ.

ಇದನ್ನು ಬಯಲಿಗೆಳೆಯುವ ಪರೀಕ್ಷೆ ಹಳೆಯದು. 1895ರಲ್ಲಿ ಯೋಸೆಫ್ ಯಾಡಾಸೋನ್ ಎಂಬ ಜರ್ಮನ್ ವೈದ್ಯ ಮುಂದಿಟ್ಟ ಪ್ಯಾಚ್ ಟೆಸ್ಟ್ ಅದು. ಶಂಕೆಯಿರುವ ವಸ್ತುಗಳನ್ನು ಬೆನ್ನಿಗೆ ಅಂಟಿಸಿ 48 ಗಂಟೆ ಬಿಡುತ್ತಾರೆ. ಪಟ್ಟಿ ತೆಗೆದಾಗ ಒಮ್ಮೆ, ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ರಕ್ತದಲ್ಲಿ ಐಜಿಇ (ಬೇರೆ ಕೆಲವು ಬಗೆಯ ಅಲರ್ಜಿಗಳಲ್ಲಿ ಏರುವ ಪ್ರತಿಕಾಯ) ಅಳೆಯುವ ಪರೀಕ್ಷೆ ಈ ಬಗೆಯ ಅಲರ್ಜಿಯನ್ನು ಹಿಡಿಯಲಾರದು.

ಮಕ್ಕಳ ಮೊಣಕೈ, ಮೊಣಕಾಲಿನ ಮಡಿಕೆಗಳಲ್ಲಿ ಏಳುವ ಅಟೋಪಿಕ್ ಇಸುಬಿನಲ್ಲಿ ಐಜಿಇ ಹೆಚ್ಚಾಗಿ ಏರಿರುತ್ತದೆ, ನಿಜ. ಆದರೆ ಅದೇ ಇಸುಬು ಇರುವ ಕೆಲವರಲ್ಲಿ ಐಜಿಇ ಸಹಜ ಮಟ್ಟದಲ್ಲೇ ಇರುತ್ತದೆ. ಚರ್ಮದ ತಡೆಗೋಡೆಗೆ ಬೇಕಾದ ಫಿಲಾಗ್ರಿನ್ ಎಂಬ ಪ್ರೋಟೀನಿನ ವಂಶವಾಹಿಯಲ್ಲಿನ ದೋಷವೂ ಈ ಇಸುಬಿಗೆ ದಾರಿ ಮಾಡುತ್ತದೆ ಎಂಬುದು 2006ರಲ್ಲಿ ತಿಳಿದುಬಂತು. ಐಜಿಇ ಏರಿದೆ ಎಂದಮಾತ್ರಕ್ಕೆ ಹಾಲು, ಮೊಟ್ಟೆಯೇ ಇಸುಬಿಗೆ ಕಾರಣ ಎಂದೂ ಅಲ್ಲ. ಬೆಳೆಯುವ ಮಗುವಿಗೆ ಅವನ್ನು ವೈದ್ಯರನ್ನು ಕೇಳದೆ ನಿಲ್ಲಿಸಿ, ಸೊರಗಿದ ಮೇಲೆ ಕರೆತರುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ನೆನೆದು ಬಿರಿಯುವ ಇಸುಬು, ಅಲರ್ಜಿಯ ಇಸುಬು ಎರಡೂ ಒಂದೇ ಕೈಯಲ್ಲಿ ಕೂಡಿಕೊಳ್ಳುವುದೂ ಉಂಟು. ಬಿರಿದ ಚರ್ಮದ ಮೂಲಕ ಅಲರ್ಜಿ ತರುವ ವಸ್ತು ಸುಲಭವಾಗಿ ಒಳಹೊಗುತ್ತದೆ. ಕಣ್ಣಳತೆಯಲ್ಲಿ ಬೇರ್ಪಡಿಸುವುದು ಅನುಭವಿ ವೈದ್ಯರಿಗೂ ಕಷ್ಟ.

ಪ್ಯಾಚ್ ಟೆಸ್ಟ್‌ನಲ್ಲಿ ಅಂಟಿಸಿದ ಯಾವ ವಸ್ತುವಿಗೂ ಚಿಕ್ಕಮ್ಮನ ಬೆನ್ನು ಕೆಂಪಾಗಲಿಲ್ಲ. ಕೈಗವಸು ತೊಡಿ ಎಂದರೆ, ಎಳೆಯ ತುದಿ ಬರಿಬೆರಳಿಗಷ್ಟೇ ಸಿಗುತ್ತದೆ ಎನ್ನುತ್ತಾರೆ. ಹಾಗಾಗಿ ವೈದ್ಯರು ಕೊಟ್ಟ ಮುಲಾಮಿನ ಜೊತೆಗೆ, ಕೆಲಸ ಬಿಟ್ಟ ಕೂಡಲೇ ಕೈ ಒರೆಸಿ ವ್ಯಾಸಲಿನ್ ಸವರಿಕೊಳ್ಳುತ್ತಾರೆ. ಸೀಳುಗಳು ಈಗ ಅರ್ಧದಷ್ಟು ಕೂಡಿಕೊಂಡಿವೆ. ಕಳೆದ ಭಾನುವಾರ ಬದನೆಕಾಯಿ ಗೊಜ್ಜಿಗೆ ಮುದ್ದೆಯನ್ನು ಕೈಯಿಂದಲೇ ಮುರಿದು ಅದ್ದಿ ಉಂಡರು.