ಹೊಸ ಟೆಲಿಸ್ಕೋಪಿನ ಹಿಂದಿನ ಆರು ಸ್ಕ್ರೂಗಳು

ಪ್ರಶ್ನೆ: ನಾವು ಡೊಂಬಿವಲಿಯಲ್ಲಿದ್ದೇವೆ. ದೀಪಾವಳಿ ಬೋನಸ್ಸಿನಲ್ಲಿ ಮಗಳಿಗೆಂದು 130 ಮಿ.ಮೀ. ರಿಫ್ಲೆಕ್ಟರ್ ಟೆಲಿಸ್ಕೋಪ್ ಕೊಂಡೆ. ಫೋಕಲ್ ಲೆಂತ್ 650 ಮಿ.ಮೀ. ಎಂದು ಬರೆದಿದೆ. ಚಂದ್ರ ಚೆನ್ನಾಗಿ ಕಾಣುತ್ತಾನೆ, ಗುರು ಗ್ರಹ ಮಾತ್ರ ಒಂದು ಕಡೆಗೆ ಬಾಲ ಬಂದ ಹಾಗೆ ಮಸುಕು. ಕನ್ನಡಿಗಳ ಕೊಲಿಮೇಶನ್, ಅಂದರೆ ಪರಸ್ಪರ ಹೊಂದಾಣಿಕೆ, ತಪ್ಪಿದೆ ಎನ್ನುತ್ತಾರೆ. ಕೊಳವೆಯ ಹಿಂದೆ ಆರು ಸ್ಕ್ರೂ ಇವೆ, ಮುಟ್ಟಲು ಭಯ. ಹೊಂದಿಸಲು ಲೇಸರ್ ಕೊಳ್ಳಬೇಕೆ? ನಕ್ಷತ್ರ ನೋಡಲು ಊರಾಚೆಯ ವಾಂಗಣಿಗೆ ಲೋಕಲ್ ರೈಲಿನಲ್ಲಿ ಒಯ್ದರೆ ಪ್ರತಿ ಸಲ ಮತ್ತೆ ಹೊಂದಿಸಬೇಕೆ?

ಉತ್ತರ: ಧೈರ್ಯವಾಗಿ ಮುಟ್ಟಿ. ಅವು ತಂಬೂರಿಯ ಬಿರಡೆ ಇದ್ದ ಹಾಗೆ, ಶ್ರುತಿ ಇಳಿದಾಗ ತಿರುವಲೆಂದೇ ಇಟ್ಟಿರುತ್ತಾರೆ. ಆದರೆ ಶ್ರುತಿ ನಿಜವಾಗಿಯೂ ಇಳಿದಿದೆಯೇ ಎಂದು ಮೊದಲು ನೋಡಿಕೊಳ್ಳಿ. ಗುರುವನ್ನು ನೋಟದ ನಟ್ಟನಡುವೆ ತನ್ನಿ. ಅಲ್ಲೂ ಬಾಲ ಇದ್ದರೆ ಕನ್ನಡಿಯ ಹೊಂದಾಣಿಕೆಯ ದೋಷ. ಅಂಚಿಗೆ ಸರಿದಾಗ ಮಾತ್ರ ಬಾಲ ಬಂದರೆ ಅದು ಈ ಜಾತಿಯ ಟೆಲಿಸ್ಕೋಪಿನ ಹುಟ್ಟುಗುಣ, ಅದಕ್ಕೆ ಸ್ಕ್ರೂ ತಿರುವಿ ಪ್ರಯೋಜನವಿಲ್ಲ. ಇಡೀ ಗ್ರಹ ಕುದಿಯುವ ನೀರಿನೊಳಗಿದ್ದಂತೆ ಅಲುಗುತ್ತಿದ್ದರೆ ತಪ್ಪು ಗಾಳಿಯದ್ದು. ಬಾಲ್ಕನಿಯ ಗೋಡೆ ಹಗಲೆಲ್ಲ ಹೀರಿದ ಬಿಸಿಲನ್ನು ರಾತ್ರಿ ಬಿಡುತ್ತಿರುತ್ತದೆ, ಒಳಗಿಂದ ತಂದ ಕನ್ನಡಿಯೂ ತಣಿದಿರುವುದಿಲ್ಲ. ಅರ್ಧ ಗಂಟೆ ಹೊರಗಿಟ್ಟು ಆಮೇಲೆ ನೋಡಿ.

ನೀವು ಬರೆದ ಲಕ್ಷಣ ನೋಡಿದರೆ ಕನ್ನಡಿಯ ಮೇಲೇ ನನಗೂ ಅನುಮಾನ. 650ನ್ನು 130ರಿಂದ ಭಾಗಿಸಿದರೆ 5, ಅಂದರೆ ನಿಮ್ಮದು ಎಫ್/5. ಬುಡದ ದೊಡ್ಡ ಕನ್ನಡಿ ಪ್ಯಾರಾಬೋಲಾ ಆಕಾರದ್ದಾದರೆ, ತನ್ನ ಅಕ್ಷದ ಸುತ್ತ ಪುಟ್ಟ ಜಾಗದಲ್ಲಷ್ಟೇ ಅದು ತಕರಾರಿಲ್ಲದ ಬಿಂಬ ಕೊಡುತ್ತದೆ. ಎಫ್/8ರಲ್ಲಿ ಆ ಜಾಗ ಸುಮಾರು 11 ಮಿ.ಮೀ. ಅಗಲ, ಎಫ್/5ರಲ್ಲಿ ಮೂರಕ್ಕೂ ಕಡಿಮೆ. ಕೊಲಿಮೇಶನ್ ಎಂದರೆ ಆ ಮೂರು ಮಿಲಿಮೀಟರನ್ನು ತಂದು ಐಪೀಸಿನ (ಕಣ್ಣಿಟ್ಟು ನೋಡುವ ಮಸೂರದ) ನಡುವೆ ಕೂರಿಸುವುದು. ಎಫ್/8ರಂಥ ಉದ್ದ ಕೊಳವೆಯವರು ಉದಾಸೀನ ಮಾಡಿದರೂ ನಡೆಯುತ್ತದೆ, ನಿಮಗೆ ನಡೆಯುವುದಿಲ್ಲ.

ಇನ್ನು ಲೇಸರ್. ಸದ್ಯಕ್ಕೆ ಬೇಡ. ನಾನು ಮೊದಲು ಕೊಂಡಿದ್ದೂ ಅದನ್ನೇ, ಆನ್‌ಲೈನಿನಲ್ಲಿ. ಮೂರು ರಾತ್ರಿ ಅದು ಹೇಳಿದಂತೆ ಹೊಂದಿಸಿದೆ, ಮೂರು ರಾತ್ರಿಯೂ ನಕ್ಷತ್ರಗಳಿಗೆ ಬಾಲ. ಕೊನೆಗೆ ಹಳೇ ಚಪಾತಿ ಮಣೆಗೆ ನಾಲ್ಕು ಮೊಳೆ ಹೊಡೆದು, ಅವುಗಳ ನಡುವೆ ಲೇಸರನ್ನು ಮಲಗಿಸಿ, ಹಾಲಿನ ಆಚೆ ಗೋಡೆಗೆ ಬೆಳಕು ಬಿಟ್ಟು ಮೆಲ್ಲಗೆ ಉರುಳಿಸಿದೆ. ಸರಿಯಿದ್ದರೆ ಕೆಂಪು ಚುಕ್ಕಿ ಒಂದೇ ಕಡೆ ನಿಲ್ಲಬೇಕಿತ್ತು. ಅದು 10 ರೂಪಾಯಿ ನಾಣ್ಯದಷ್ಟು ದೊಡ್ಡ ವೃತ್ತ ಬರೆಯಿತು. ಅಳತೆಗೋಲೇ ಸೊಟ್ಟ! ಸೊಟ್ಟ ಇಲ್ಲದ ಲೇಸರ್ ಕೂಡ ಕೊಳವೆಯ ಬಾಯ ಬಳಿ ಓರೆಯಾಗಿ ನಿಂತ ಚಿಕ್ಕ ಕನ್ನಡಿ, ಐಪೀಸ್ ಕೂರಿಸುವ ಫೋಕಸರಿನ ಕೆಳಗೆ ಸರಿಯಾಗಿ ಕೂತಿದೆಯೇ ಎಂದು ಹೇಳಲಾರದು.

ಫೋಕಸರಿಗೆ ಧೂಳು ಹೋಗದಂತೆ ಒಂದು ಪ್ಲಾಸ್ಟಿಕ್ ಮುಚ್ಚಳ ಬಂದಿರುತ್ತದೆ, ಅದೇ ಸಾಕು. ಅದರ ನಟ್ಟನಡುವೆ 2 ಮಿ.ಮೀ. ತೂತು ಕೊರೆಸಿ. ಒಳಮೈಗೆ ಬಿಳಿ ಕಾಗದ ಅಂಟಿಸಿ, ತೂತನ್ನು ಮಾತ್ರ ಬಿಡಿ. ಕಣ್ಣನ್ನು ಪ್ರತಿ ಸಲವೂ ಒಂದೇ ಜಾಗದಲ್ಲಿ ನಿಲ್ಲಿಸುವುದಷ್ಟೇ ಇದರ ಕೆಲಸ, ಮತ್ತು ಕೊಲಿಮೇಶನ್ನಿನಲ್ಲಿ ಅರ್ಧ ಕೆಲಸ ಅದೇ. ದೊಡ್ಡ ಕನ್ನಡಿಯ ಮಧ್ಯದಲ್ಲಿ ಪುಟ್ಟ ಉಂಗುರದ ಸ್ಟಿಕರ್ ಇದೆಯೇ ನೋಡಿಕೊಳ್ಳಿ. ಕೊಳೆ ಎಂದು ಕೆರೆದೀರಿ! ಆ ಜಾಗ ಹೇಗೂ ಚಿಕ್ಕ ಕನ್ನಡಿಯ ನೆರಳಲ್ಲಿರುವುದರಿಂದ ಬಿಂಬಕ್ಕೆ ಅದರಿಂದ ತೊಂದರೆಯಿಲ್ಲ.

ಹಗಲಲ್ಲಿ, ಕೊಳವೆಯನ್ನು ನೆಲಕ್ಕೆ ಸಮನಾಗಿ ಮಲಗಿಸಿ, ಬಾಯನ್ನು ಬೆಳ್ಳಗಿನ ಗೋಡೆಗೆ ತಿರುಗಿಸಿ. ಸೂರ್ಯ ಇರುವ ಕಡೆಗಂತೂ ಬೇಡವೇ ಬೇಡ. ಮಲಗಿಸುವುದು ಏಕೆಂದರೆ, ಕೈತಪ್ಪಿದ ಎಲ್-ಕೀ ನೇರ ದೊಡ್ಡ ಕನ್ನಡಿಯ ಮೇಲೆ ಬೀಳಬಾರದು. ಮುಚ್ಚಳದ ತೂತಿನಿಂದ ನೋಡಿದಾಗ ಒಂದರೊಳಗೊಂದು ಹಲವು ವೃತ್ತ ಕಂಡು ತಲೆ ತಿರುಗುತ್ತದೆ. ಹಾಗಾಗಿ ಮೊದಲು ಎರಡು ಕನ್ನಡಿಗಳ ನಡುವೆ ಒಂದು ಬಣ್ಣದ ಕಾಗದ ತೂರಿಸಿ, ಹಿಂದಿನ ಪ್ರತಿಬಿಂಬಗಳನ್ನೆಲ್ಲ ಮುಚ್ಚಿಬಿಡಿ. ಈಗ ಕಾಣುವುದು ಚಿಕ್ಕ ಕನ್ನಡಿ ಮಾತ್ರ. ಅದು ಮೊಟ್ಟೆಯಂತೆ ಕಾಣದೆ ದುಂಡಗೆ, ಫೋಕಸರಿನ ನಡುವೆ ಕಾಣಬೇಕು. ಇಲ್ಲದಿದ್ದರೆ ಕೊಳವೆಯ ಬಾಯಲ್ಲಿರುವ ನಡುವಿನ ಸ್ಕ್ರೂ ತುಸು ಸಡಿಲಿಸಿ, ಹಿಡಿಕೆಯನ್ನು ತಿರುಗಿಸಿ, ಹಿಂದೆ ಮುಂದೆ ಸರಿಸಿ. ಪೂರ್ತಿ ಬಿಚ್ಚಿದರೆ ಕನ್ನಡಿ ಕೈಗೇ ಬರುತ್ತದೆ. ಕಾರ್ಖಾನೆಯಿಂದ ಇದು ಸಾಮಾನ್ಯವಾಗಿ ಸರಿಯಾಗಿಯೇ ಬಂದಿರುತ್ತದೆ. ಸರಿಯಿದ್ದರೆ ಮುಂದೆ ಹೋಗಿ.

ಕಾಗದ ತೆಗೆಯಿರಿ. ಚಿಕ್ಕ ಕನ್ನಡಿಯ ಸುತ್ತಲಿನ ಮೂರು ಸಣ್ಣ ಸ್ಕ್ರೂಗಳಿಂದ ಅದರ ಓರೆ ಬದಲಿಸಿ. ಒಂದನ್ನು ಸಡಿಲಿಸಿದರೆ ಉಳಿದೆರಡನ್ನು ಬಿಗಿಯಬೇಕು. ದೊಡ್ಡ ಕನ್ನಡಿ ಪೂರ್ತಿಯಾಗಿ, ಅಂಚಿನಲ್ಲಿ ಅದನ್ನು ಹಿಡಿದ ಮೂರೂ ಕ್ಲಿಪ್ ಸಮೇತ ಕಂಡರೆ ಸರಿ.

ಈಗ ನಿಮ್ಮ ಆರು ಸ್ಕ್ರೂ. ಮೂರು ಹೊಂದಿಸಲು, ಮೂರು ಬೀಗ ಹಾಕಲು. ಹೊಂದಿಸುವವುಗಳ ಕೆಳಗೆ ಸಾಮಾನ್ಯವಾಗಿ ಸ್ಪ್ರಿಂಗ್ ಇರುತ್ತದೆ. ಮೊದಲು ಬೀಗದವನ್ನು ಸಡಿಲಿಸಿ. ಮುಚ್ಚಳದ ಬಿಳಿ ಒಳಮೈಯೂ ಅದರ ನಡುವಿನ ಕಪ್ಪು ತೂತೂ ಪ್ರತಿಬಿಂಬದಲ್ಲಿ ಕಾಣುತ್ತವೆ. ಆ ಕಪ್ಪು ಚುಕ್ಕಿ ಸ್ಟಿಕರಿನ ಉಂಗುರದೊಳಗೆ ಕೂತರೆ ಕೆಲಸ ಆಯಿತು. ಒಬ್ಬರೇ ಮಾಡುವುದಾದರೆ ಕಣ್ಣು ಒಂದು ತುದಿ, ಕೈ ಒಂದು ತುದಿ. ನಮ್ಮ ಮನೆಯಲ್ಲಿ ನಾನು ಹಿಂದೆ, ಹೆಂಡತಿ ತೂತಿನ ಬಳಿ. "ಇನ್ನೂ ಸ್ವಲ್ಪ… ಬರ್ತಾ ಇದೆ… ಸಾಕು, ಸಾಕು! ದಾಟ್ಹೋಯ್ತು ನೋಡಿ." ನಿಮ್ಮ ಮಗಳನ್ನು ತೂತಿನ ಬಳಿ ನಿಲ್ಲಿಸಿ, ನೀವು ಸ್ಕ್ರೂ ತಿರುವಿ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಬೀಗದ ಸ್ಕ್ರೂಗಳನ್ನು ಮತ್ತೆ ಬಿಗಿಯುವಾಗ ಚುಕ್ಕಿ ಸರಿಯುವುದುಂಟು, ಆದ್ದರಿಂದ ಹಗುರವಾಗಿ ಬಿಗಿದು ಇನ್ನೊಮ್ಮೆ ನೋಡಿ.

ಹೆಚ್ಚಿನವರು ಎಡವುವುದು ಇದಾದ ಮೇಲೆ. ಚುಕ್ಕಿ ಉಂಗುರದೊಳಗಿದೆ, ದೊಡ್ಡ ಕನ್ನಡಿ ಪೂರ್ತಿ ಕಾಣುತ್ತಿದೆ, ಆದರೆ ಚಿಕ್ಕ ಕನ್ನಡಿಯ ಕಪ್ಪು ನೆರಳು ಮಾತ್ರ ನಡುವೆ ಇಲ್ಲ, ಕೊಳವೆಯ ಬುಡದ ಕಡೆಗೆ ಒಂಚೂರು ಜರುಗಿದೆ. ಅದನ್ನೂ ನಡುವೆ ತರಲು ಹೋಗಿ ಮಾಡಿದ್ದನ್ನೆಲ್ಲ ಕೆಡಿಸುತ್ತಾರೆ. ನಾನೂ ಒಂದು ಭಾನುವಾರ ಪೂರ್ತಿ ಕಳೆದಿದ್ದೇನೆ. ಅದು ಹಾಗೇ ಇರಬೇಕು. ಬೆಳಕು ದೊಡ್ಡ ಕನ್ನಡಿಯಿಂದ ಶಂಕುವಿನಂತೆ ಕಿರಿದಾಗುತ್ತ ಬರುತ್ತದೆ, ಚಿಕ್ಕ ಕನ್ನಡಿ ಅದನ್ನು 45 ಡಿಗ್ರಿ ಓರೆಯಲ್ಲಿ ಕತ್ತರಿಸುತ್ತದೆ. ಓರೆಯ ಒಂದು ತುದಿ ದೊಡ್ಡ ಕನ್ನಡಿಗೆ ಹತ್ತಿರ, ಅಲ್ಲಿ ಶಂಕು ಅಗಲ. ಇನ್ನೊಂದು ತುದಿ ದೂರ, ಅಲ್ಲಿ ಕಿರಿದು. ಹಾಗಾಗಿ ಕತ್ತರಿಸಿದ ಆಕಾರದ ನಡು, ಶಂಕುವಿನ ಅಕ್ಷದ ಮೇಲೆ ಬೀಳುವುದಿಲ್ಲ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಈ ಜರುಗು ಹೆಚ್ಚು.

ರಾತ್ರಿ ಒಂದು ನಕ್ಷತ್ರ ನೋಡಿ ಖಾತ್ರಿ ಮಾಡಿಕೊಳ್ಳಿ. 10 ಮಿ.ಮೀ. ಐಪೀಸಿಗೆ 2 ಪಟ್ಟಿನ ಬಾರ್ಲೋ (ಬಿಂಬ ದೊಡ್ಡದು ಮಾಡುವ ಮಸೂರ) ಸೇರಿಸಿದರೆ 130 ಪಟ್ಟು ಸಿಗುತ್ತದೆ, ಅದು ಸಾಕು. ನಕ್ಷತ್ರವನ್ನು ನಡುವಿಗೆ ತಂದು ಫೋಕಸನ್ನು ಕೊಂಚ ಕೆಡಿಸಿ. ಸುತ್ತ ಉಂಗುರಗಳು, ನಡುವೆ ಕಪ್ಪು ತೂತು, ಉದ್ದಿನವಡೆಯ ಹಾಗೆ. ತೂತು ನಡುವೆ ಇದ್ದರೆ ಗೆದ್ದಿರಿ. ಒಂದು ಕಡೆ ವಾಲಿದ್ದರೆ ಹಿಂದಿನ ಒಂದು ಸ್ಕ್ರೂವನ್ನು ಕೂದಲೆಳೆಯಷ್ಟು ತಿರುವಿ, ಓಡಿಹೋದ ನಕ್ಷತ್ರವನ್ನು ಮತ್ತೆ ನಡುವಿಗೆ ತಂದು ನೋಡಿ. ವಾಲು ಹೆಚ್ಚಾಗಿದ್ದರೆ ಉಲ್ಟಾ ತಿರುವಿ. ಅಂಚಿನಲ್ಲಿರುವ ನಕ್ಷತ್ರ ನೋಡಿ ತೀರ್ಪು ಕೊಡಬೇಡಿ.

ಪರದೇಶದವರು ಬರೆದ ಕೈಪಿಡಿಗಳೆಲ್ಲ ಇದಕ್ಕೆ ಧ್ರುವ ನಕ್ಷತ್ರ ನೋಡಿ ಎನ್ನುತ್ತವೆ, ಅದು ಕದಲದೆ ನಿಲ್ಲುತ್ತದೆ ಎಂದು. ಅವರ ಊರಿನಲ್ಲಿ ಅದು ಸಾಕಷ್ಟು ಎತ್ತರದಲ್ಲಿರುತ್ತದೆ. ನಿಮ್ಮಲ್ಲಿ ದಿಗಂತದಿಂದ 19 ಡಿಗ್ರಿ ಮಾತ್ರ, ಕಲ್ಯಾಣದ ಹೊಗೆ ಧೂಳಿನೊಳಗೆ ನಡುಗುತ್ತಿರುತ್ತದೆ. ಜನವರಿಯಲ್ಲಿ ರಾತ್ರಿ 10ರ ಸುಮಾರಿಗೆ ಉತ್ತರಕ್ಕೆ ಮುಖ ಮಾಡಿದರೆ ಬ್ರಹ್ಮಹೃದಯ (ಕಪೆಲ್ಲಾ) ನಕ್ಷತ್ರ 60 ಡಿಗ್ರಿ ಎತ್ತರದಲ್ಲಿರುತ್ತದೆ. ಆಗಾಗ ಕೊಳವೆ ಸರಿಸಬೇಕಾದರೂ ಅದೇ ವಾಸಿ.

ವಾಂಗಣಿಯ ಪ್ರಶ್ನೆಗೆ: ಹೌದು, ಪ್ರತಿ ಸಲ ನೋಡಬೇಕು. ಲೋಕಲ್ಲಿನ ನೂಕುನುಗ್ಗಲಿನಲ್ಲಿ ಚಿಕ್ಕ ಕನ್ನಡಿ ಅಷ್ಟಾಗಿ ಅಲುಗುವುದಿಲ್ಲ, ಸ್ಪ್ರಿಂಗಿನ ಮೇಲೆ ಕೂತ ದೊಡ್ಡದು ಅಲುಗುತ್ತದೆ. ಹಾಗಾಗಿ ಹಿಂದಿನ ಆರು ಸ್ಕ್ರೂಗಳ ಹೆಜ್ಜೆಯೊಂದೇ ಸಾಕು, ಕೈ ಪಳಗಿದ ಮೇಲೆ ಎರಡು ನಿಮಿಷದ ಕೆಲಸ. ಕತ್ತಲಾದ ಮೇಲೆ ಮುಚ್ಚಳದ ತೂತು ಕಾಣುವುದು ಕಷ್ಟ. ಸಂಜೆ ಬೆಳಕಿರುವಾಗಲೇ ಅಲ್ಲಿ ಇಳಿಯುವಂತೆ ಗಾಡಿ ಹಿಡಿಯಿರಿ.