ತೊಡುವ ಶಿಲ್ಪ: ನ್ಯೂ ಆರ್ಲಿಯನ್ಸ್‌ನ ಮಣಿ ಸೂಟು ಯಾರ ಸೊತ್ತು?

2010ರ ಸುಮಾರಿಗೆ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಹೋವರ್ಡ್ ಮಿಲ್ಲರ್, ಮಾರ್ಡಿ ಗ್ರಾ ಎಂಬ ಕಾರ್ನಿವಲ್ ಹಬ್ಬದಲ್ಲಿ ತೊಡಲು ತಾವು ಹೊಲಿದ ಮಣಿ ಸೂಟಿಗೆ ಕಾಪಿರೈಟ್ ಮಾಡಿಸಲು ಹೊರಟರು. ಅವರು 'ಕ್ರಿಯೋಲ್ ವೈಲ್ಡ್ ವೆಸ್ಟ್' ಎಂಬ ಹಳೆಯ ತಂಡದ ಬಿಗ್ ಚೀಫ್, ಅಂದರೆ ಮುಖಂಡ. ಆದರೆ ಅಮೆರಿಕದ ಕಾನೂನು ಉಡುಪಿಗೆ ಕಾಪಿರೈಟ್ ಕೊಡುವುದಿಲ್ಲ. ಅಂಗಿ, ಪ್ಯಾಂಟು, ಟೋಪಿ ಎಲ್ಲವೂ ಅದರ ಲೆಕ್ಕದಲ್ಲಿ ಬಳಕೆಯ ವಸ್ತು. ಟುಲೇನ್ ವಿಶ್ವವಿದ್ಯಾಲಯದ ಕಾನೂನು ಬೋಧಕಿಯೊಬ್ಬರು ಇದಕ್ಕೊಂದು ದಾರಿ ಹುಡುಕಿದರು. ಇದು ಉಡುಪೇ ಅಲ್ಲ, ಶಿಲ್ಪ ಎಂದು ವಾದಿಸೋಣ ಅಂದರು.

ವಕೀಲರ ಜಾಣತನ ಅನ್ನಿಸಬಹುದು. ಆದರೆ ಆ ಸೂಟನ್ನು ಹತ್ತಿರದಿಂದ ನೋಡಿದರೆ ಆ ಮಾತಿನಲ್ಲಿ ಉತ್ಪ್ರೇಕ್ಷೆ ಏನೂ ಕಾಣುವುದಿಲ್ಲ. ಮೊದಲು ಕ್ಯಾನ್ವಾಸ್ ತುಂಡಿನ ಮೇಲೆ ಪೆನ್ಸಿಲ್ಲಿನಲ್ಲಿ ಚಿತ್ರ ಬರೆಯುತ್ತಾರೆ. ಆಮೇಲೆ ಸಾಸಿವೆ ಕಾಳಿನಷ್ಟು ಸಣ್ಣ ಗಾಜಿನ ಮಣಿಗಳನ್ನು ಎರಡೆರಡಾಗಿ, ಮೂರುಮೂರಾಗಿ ಸೂಜಿಗೆ ಏರಿಸಿ ಹೊಲಿಯುತ್ತಾ ಹೋಗುತ್ತಾರೆ. ಒಂದು ಫಲಕ ಮುಗಿಯಲು ವಾರಗಳು ಬೇಕು, ಕೆಲವೊಮ್ಮೆ ತಿಂಗಳುಗಳೇ. ಅಂಥ ಫಲಕಗಳು ಎದೆಗೆ, ಸೊಂಟದಿಂದ ಇಳಿಬೀಳುವ ಏಪ್ರನ್ನಿಗೆ, ತೋಳಿಗೆ, ಬೂಟಿಗೆ ಎಲ್ಲಕ್ಕೂ ಬೇಕು. ಸುತ್ತ ಬಣ್ಣ ಹಾಕಿದ ಆಸ್ಟ್ರಿಚ್ ಗರಿ, ತಲೆಯ ಮೇಲೆ ಆಳೆತ್ತರದ ಕಿರೀಟ. ಎಷ್ಟೋ ಸೂಟುಗಳು 45 ಕೆ.ಜಿ. ದಾಟುತ್ತವೆ. ಅದನ್ನು ಹೊತ್ತುಕೊಂಡು ದಿನವಿಡೀ ಬೀದಿಯಲ್ಲಿ ಹಾಡಬೇಕು, ಕುಣಿಯಬೇಕು. ಮುಂದಿನ ವರ್ಷ ಅದನ್ನೇ ಹಾಕಿಕೊಂಡು ಬರುವಂತಿಲ್ಲ. ಬಿಚ್ಚಿ ಹೊಸದು ಹೊಲಿಯಬೇಕು.

ಇವರನ್ನು ಮಾರ್ಡಿ ಗ್ರಾ ಇಂಡಿಯನ್ನರು ಅನ್ನುತ್ತಾರೆ. ಈಗೀಗ ಹಲವರು ತಮ್ಮನ್ನು ಬ್ಲ್ಯಾಕ್ ಮಾಸ್ಕಿಂಗ್ ಇಂಡಿಯನ್ನರು ಎಂದು ಕರೆದುಕೊಳ್ಳಲು ಇಷ್ಟಪಡುತ್ತಾರೆ. ಇಲ್ಲಿ ಇಂಡಿಯನ್ ಅಂದರೆ ನಾವಲ್ಲ, ಅಮೆರಿಕದ ಮೂಲನಿವಾಸಿಗಳು. ಸೂಟು ತೊಡುವವರು ಕಪ್ಪು ಜನ, ದುಡಿದು ತಿನ್ನುವ ಕುಟುಂಬಗಳವರು. ಕಪ್ಪು ಜನ ಮೂಲನಿವಾಸಿಗಳ ವೇಷ ಯಾಕೆ ಹಾಕಿದರು? ಗುಲಾಮಗಿರಿಯಿಂದ ಓಡಿಹೋದ ಪೂರ್ವಜರಿಗೆ ಆ ಜನ ಆಸರೆ ಕೊಟ್ಟರು, ಆ ಋಣಕ್ಕೆ ಈ ವೇಷ ಎಂದು ತಂಡದವರು ಹೇಳುತ್ತಾರೆ. 1884-85ರ ಚಳಿಗಾಲದಲ್ಲಿ ಮೂಲನಿವಾಸಿ ಕಲಾವಿದರೂ ಇದ್ದ ಬಫಲೋ ಬಿಲ್‌ನ 'ವೈಲ್ಡ್ ವೆಸ್ಟ್' ಪ್ರದರ್ಶನ ಈ ಊರಿನಲ್ಲಿ ತಂಗಿತ್ತು, ಗರಿಯ ಕಿರೀಟ ಅಲ್ಲಿಂದ ಬಂತು ಎಂದು ಕೆಲವು ಇತಿಹಾಸಕಾರರು ಹೇಳುತ್ತಾರೆ. ಎರಡೂ ನಿಜವಾಗಿರಬಹುದು, ಅಲ್ವಾ? 1880ರ ದಶಕದಲ್ಲಿ ಬೆಕಾಟೆ ಬಟೀಸ್ಟ್ ಎಂಬವರು ಮೊದಲ ತಂಡ ಕಟ್ಟಿದರು ಎನ್ನುವುದು ಊರಿನ ನೆನಪು.

ಹಾಡಿನ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. ಗುಲಾಮರು ಭಾನುವಾರ ಒಂದೇ ಜಾಗದಲ್ಲಿ ಸೇರಬೇಕು ಎಂದು ನಗರಾಡಳಿತ 1817ರಲ್ಲಿ ನಿಯಮ ಮಾಡಿತು. ಆ ಜಾಗವೇ ಮುಂದೆ ಕಾಂಗೋ ಸ್ಕ್ವೇರ್ ಎಂದು ಹೆಸರಾಯಿತು. ಆಫ್ರಿಕಾದ ಡೋಲು, ಸುತ್ತುಗಟ್ಟಿ ಕುಣಿತ, ಒಬ್ಬರು ಹಾಡಿ ಉಳಿದವರು ಸೊಲ್ಲು ಹಿಡಿಯುವ ರೀತಿ ಎಲ್ಲ ಅಲ್ಲಿ ಉಳಿದುಕೊಂಡಿತು. ಇಂದಿಗೂ ಈ ತಂಡಗಳು ಹಾಡುವುದು ಹಾಗೆಯೇ. ಕೈಯಲ್ಲಿ ಟ್ಯಾಂಬರಿನ್, ಮುಂದೆ ಚೀಫ್, ಹಿಂದೆ ಜನ. 'ಇಂಡಿಯನ್ ರೆಡ್' ಅವರ ಪ್ರಾರ್ಥನೆ ಹಾಡು. ಅದನ್ನು ಹಾಡದೆ ಹೊರಡುವುದಿಲ್ಲ.

ಬಿಳಿಯರ ಶ್ರೀಮಂತ ಕ್ಲಬ್ಬುಗಳು ದೊಡ್ಡ ರಸ್ತೆಯಲ್ಲಿ ಮಾರ್ಡಿ ಗ್ರಾ ಮೆರವಣಿಗೆ ಮಾಡುತ್ತಿದ್ದವು. ಅಲ್ಲಿ ಕಪ್ಪು ಜನರಿಗೆ ಸದಸ್ಯತ್ವ ಇರಲಿಲ್ಲ. ವರ್ಣಭೇದ ಮಾಡುವ ಕ್ಲಬ್ಬಿಗೆ ಮೆರವಣಿಗೆಯ ಅನುಮತಿ ಇಲ್ಲ ಎಂದು ನಗರಾಡಳಿತ ಹೇಳಿದ್ದು 1992ರಲ್ಲಿ. ಆಗಲೂ ಕೆಲವು ಹಳೆಯ ಕ್ಲಬ್ಬುಗಳು ನಿಯಮ ಒಪ್ಪುವ ಬದಲು ಮೆರವಣಿಗೆಯನ್ನೇ ಬಿಟ್ಟವು. ದೊಡ್ಡ ರಸ್ತೆಯಲ್ಲಿ ಜಾಗವಿಲ್ಲದ ಇಂಡಿಯನ್ನರು ಮೊದಲಿನಿಂದಲೂ ತಮ್ಮ ಕೇರಿಗಳ ಒಳರಸ್ತೆಗಳಲ್ಲೇ ಹೊರಟರು. ದಾರಿ ಮೊದಲೇ ಹೇಳುವುದಿಲ್ಲ, ಅನುಮತಿ ಕೇಳುವುದಿಲ್ಲ. ಮುಂದೆ ಸ್ಪೈ ಬಾಯ್ ಹೋಗಿ ಬೇರೆ ತಂಡ ಬರುತ್ತಿದೆಯಾ ನೋಡುತ್ತಾನೆ, ಫ್ಲ್ಯಾಗ್ ಬಾಯ್ ಸುದ್ದಿಯನ್ನು ಹಿಂದಕ್ಕೆ ದಾಟಿಸುತ್ತಾನೆ. ಒಂದು ಕಾಲದಲ್ಲಿ ಎರಡು ತಂಡ ಎದುರಾದರೆ ನಿಜವಾಗಿ ರಕ್ತ ಹರಿಯುತ್ತಿತ್ತು.

ಆ ಜಗಳವನ್ನು ಸೂಜಿ ದಾರಕ್ಕೆ ತಿರುಗಿಸಿದ ಹಿರಿಮೆ ಅಲಿಸನ್ 'ಟೂಟಿ' ಮೊಂಟಾನಾ ಅವರದು. 1922ರಲ್ಲಿ ಹುಟ್ಟಿದವರು, ಬೆಕಾಟೆ ಬಟೀಸ್ಟ್ ಅವರ ವಂಶದವರೇ. ಕಸುಬಿನಲ್ಲಿ ಲೇದರ್, ಅಂದರೆ ಗೋಡೆ, ಕಮಾನುಗಳಿಗೆ ಗಾರೆ ಮೆತ್ತುವ ಮೊದಲು ಒಳಗೆ ಪಟ್ಟಿ, ತಂತಿಗಳ ಚೌಕಟ್ಟು ಕಟ್ಟುವವರು. ಆ ಕೈಚಳಕ ನೇರವಾಗಿ ಸೂಟಿಗೆ ಇಳಿಯಿತು. ಅವರ ಸೂಟುಗಳಲ್ಲಿ ಚಿತ್ರ ಬಟ್ಟೆಗೆ ಅಂಟಿಕೊಂಡು ಕೂರುವುದಿಲ್ಲ. ಮಿನುಗುವ ತುಣುಕು, ಮುತ್ತು ಕೂರಿಸಿದ ಆಕಾರಗಳು ಪದರ ಪದರವಾಗಿ ಮೈಯಿಂದ ಆಚೆಗೆ ಚಾಚುತ್ತವೆ. ಇದೇ ಊರಿನ ಡೌನ್‌ಟೌನ್ ಭಾಗದ ಶೈಲಿ. ಅಪ್‌ಟೌನ್ ಕಡೆಯವರು ಚಪ್ಪಟೆ ಫಲಕದಲ್ಲಿ ಕಥೆ ಹೇಳುವ ಮಣಿಚಿತ್ರ ಮಾಡುತ್ತಾರೆ. ಶಿಲ್ಪ ಅನ್ನುವ ವಾದ ನಿಂತಿರುವುದು ಟೂಟಿಯ ಸೂಟುಗಳ ಮೇಲೆ ಎಂದೇ ನನ್ನ ಅಭಿಪ್ರಾಯ. ಕಾನೂನು ಬೋಧಕಿಗೆ ಆ ವಿಚಾರ ಹೊಳೆಯುವ ಎಷ್ಟೋ ಮೊದಲೇ ಅವರು ಅದನ್ನು ಮಾಡಿ ತೋರಿಸಿದ್ದರು. ಯಾರ ಸೂಟು ಚೆಂದ ಎನ್ನುವುದರಲ್ಲೇ ಗೆಲುವು ಸೋಲು ತೀರ್ಮಾನವಾಗಲಿ ಎಂದು ಅವರು ಹಿಡಿದ ಹಟ ನಿಧಾನಕ್ಕೆ ಊರಿನ ರೂಢಿಯಾಯಿತು.

ಸೂಟಿಗಿಂತ ಮೊದಲು ಹೊರಗಿನವರ ಕೈ ಸೇರಿದ್ದು ಹಾಡು. 1953ರಲ್ಲಿ ಜೇಮ್ಸ್ 'ಶುಗರ್ ಬಾಯ್' ಕ್ರಾಫರ್ಡ್ ಇಂಡಿಯನ್ನರ ಎರಡು ಕೂಗುಗಳನ್ನು ಜೋಡಿಸಿ 'ಜಾಕ್-ಎ-ಮೋ' ಎಂಬ ಹಾಡು ರೆಕಾರ್ಡ್ ಮಾಡಿದರು. 1965ರಲ್ಲಿ ಅದೇ ಧಾಟಿ ಡಿಕ್ಸಿ ಕಪ್ಸ್ ಎಂಬ ಮೂವರು ಹುಡುಗಿಯರ ತಂಡದಿಂದ 'ಐಕೋ ಐಕೋ' ಎಂದು ಜಗತ್ತಿಗೆಲ್ಲ ತಲುಪಿತು. ಅವರು ಅದನ್ನು ಕಲಿತದ್ದು ಅಜ್ಜಿಯಿಂದ. ಸ್ಟುಡಿಯೋದಲ್ಲಿ ಬಿಡುವಿದ್ದಾಗ ಕುರ್ಚಿ, ಆಶ್‌ಟ್ರೇ ಬಡಿದು ಸುಮ್ನೆ ಹಾಡಿಕೊಳ್ಳುತ್ತಿದ್ದದ್ದು ರೆಕಾರ್ಡ್ ಆಗಿ ಹಿಟ್ ಆಯಿತು. ಕ್ರಾಫರ್ಡ್ ಕೋರ್ಟಿಗೆ ಹೋದರು. ಕೊನೆಗೆ 1967ರಲ್ಲಿ ರಾಜಿಯಾಗಿ, ಸಾರ್ವಜನಿಕ ಪ್ರಸಾರದ ಗಳಿಕೆಯಲ್ಲಿ 25 ಶೇಕಡಾ ಪಾಲು ಸಿಕ್ಕಿತು. ಆ ಕೂಗುಗಳನ್ನು ಬೀದಿಯಲ್ಲಿ ಕಟ್ಟಿದವರ ಹೆಸರು ಆ ಲೆಕ್ಕದಲ್ಲಿ ಎಲ್ಲೂ ಬರಲಿಲ್ಲ. ಬರಲು ಹೆಸರೇ ಉಳಿದಿರಲಿಲ್ಲ.

1970ರಲ್ಲಿ ನ್ಯೂ ಆರ್ಲಿಯನ್ಸ್ ಜಾಝ್ ಆ್ಯಂಡ್ ಹೆರಿಟೇಜ್ ಫೆಸ್ಟಿವಲ್ ಮೊದಲ ಬಾರಿ ನಡೆದದ್ದು ಕಾಂಗೋ ಸ್ಕ್ವೇರಿನಲ್ಲೇ. ಅಲ್ಲಿ ಇಂಡಿಯನ್ನರು ಹಾಡಿದರು. ಅದೇ ವರ್ಷ ಬೋ ಡಾಲಿಸ್ ಅವರ ವೈಲ್ಡ್ ಮ್ಯಾಗ್ನೋಲಿಯಾಸ್ ತಂಡ ಫಂಕ್ ಎಂಬ ಸಂಗೀತ ಶೈಲಿಯ ವಾದ್ಯಗಾರರ ಜೊತೆ ಸೇರಿ ಮೊದಲ ರೆಕಾರ್ಡ್ ಮಾಡಿತು. 1976ರಲ್ಲಿ ನೆವಿಲ್ ಸಹೋದರರು ತಮ್ಮ ಸೋದರಮಾವ, ಬಿಗ್ ಚೀಫ್ ಜಾಲಿ ಜೊತೆ ಹಾಡಿದರು. ಹಾಡು ವೇದಿಕೆಗೆ ಹೋದಂತೆ ಜನ ಕ್ಯಾಮೆರಾ ಹಿಡಿದು ಬೀದಿಗೆ ಬಂದರು. ಪೋಸ್ಟರ್, ಕ್ಯಾಲೆಂಡರ್, ದುಬಾರಿ ಚಿತ್ರಪುಸ್ತಕ, ಎಲ್ಲದರ ಮುಖಪುಟಕ್ಕೂ ಈ ಗರಿಗಳೇ. ಫೋಟೋದ ಹಕ್ಕು ಫೋಟೋ ತೆಗೆದವನದು. ವರ್ಷವಿಡೀ ಬೆರಳು ಚುಚ್ಚಿಸಿಕೊಂಡು, ಸಾವಿರಾರು ಡಾಲರ್ ಸುರಿದು ಸೂಟು ಮಾಡಿದವನಿಗೆ ಏನೂ ಇಲ್ಲ. ಈ ಸಿಟ್ಟೇ ಕಾಪಿರೈಟ್ ಮಾತಿಗೆ ಮೂಲ.

ಸಿಲ್ವೆಸ್ಟರ್ ಫ್ರಾನ್ಸಿಸ್ ಅವರ ಕಥೆ ಇಲ್ಲಿ ಹೇಳಲೇಬೇಕು. ಬೀದಿ ಮೆರವಣಿಗೆಯಲ್ಲಿ ಅವರ ಫೋಟೋ ತೆಗೆದವನೊಬ್ಬ, ಅದರ ಪ್ರತಿ ಬೇಕಾದರೆ 35 ಡಾಲರ್ ಕೊಡು ಅಂದನಂತೆ. ತನ್ನದೇ ಮುಖಕ್ಕೆ 35 ಡಾಲರ್! ಅಂದಿನಿಂದ ಅವರೇ ಕ್ಯಾಮೆರಾ ಹಿಡಿದರು. ಸೂಟು ತೊಟ್ಟವರಿಗೆ ಅವರವರ ಚಿತ್ರ ಕೊಟ್ಟರು, ಹಳೆಯ ಸೂಟುಗಳನ್ನು ಜೋಪಾನ ಮಾಡಿದರು. 1999ರಲ್ಲಿ ಟ್ರೆಮೇ ಕೇರಿಯಲ್ಲಿ, ಶವಸಂಸ್ಕಾರದ ಮನೆಯಾಗಿದ್ದ ಹಳೆಯ ಕಟ್ಟಡದಲ್ಲಿ ಬ್ಯಾಕ್‌ಸ್ಟ್ರೀಟ್ ಕಲ್ಚರಲ್ ಮ್ಯೂಸಿಯಂ ತೆರೆದರು. ಅವರು 2020ರಲ್ಲಿ ತೀರಿಕೊಂಡರು. ಮರುವರ್ಷ ಐಡಾ ಚಂಡಮಾರುತಕ್ಕೆ ಕಟ್ಟಡ ಹಾಳಾಯಿತು. ಮ್ಯೂಸಿಯಂ ಈಗ ಅದೇ ಕೇರಿಯ ಬೇರೆ ಕಟ್ಟಡದಲ್ಲಿದೆ.

ಪೊಲೀಸರ ಜೊತೆಗಿನ ತಂಟೆ ಹಳೆಯದು. 2005ರ ಮಾರ್ಚ್ 19, ಸೇಂಟ್ ಜೋಸೆಫ್ ರಾತ್ರಿ. ತಂಡಗಳು ಸೂಟು ತೊಟ್ಟು ಹೊರಡುವ ರೂಢಿಯ ರಾತ್ರಿ ಅದು. ಪೊಲೀಸರು ಸೈರನ್ ಹಾಕಿಕೊಂಡು ಬಂದು ಎಲ್ಲರನ್ನೂ ಚದುರಿಸಿದರು. ಜೂನ್ 27ರಂದು ನಗರಸಭೆಯಲ್ಲಿ ಇದರ ವಿಚಾರಣೆ. 82 ವರ್ಷದ ಟೂಟಿ ಮೊಂಟಾನಾ ಮೈಕಿನ ಮುಂದೆ ನಿಂತು ದಶಕಗಳ ಕಿರುಕುಳ ವಿವರಿಸಿದರು. ಇದು ನಿಲ್ಲಬೇಕು ಎಂದವರೇ ಅಲ್ಲೇ ಕುಸಿದರು. ಹೃದಯಾಘಾತ. ಸಭೆಯಲ್ಲಿದ್ದವರು ಇಂಡಿಯನ್ ರೆಡ್ ಹಾಡಿದರು. ಎರಡು ತಿಂಗಳಲ್ಲಿ ಕತ್ರಿನಾ ಚಂಡಮಾರುತ ಬಂತು. ಎಷ್ಟೋ ತಂಡಗಳ ಮನೆ, ಮಣಿ, ಗರಿ ಎಲ್ಲ ನೀರುಪಾಲಾಯಿತು. ಆದರೂ 2006ರ ಮಾರ್ಡಿ ಗ್ರಾಗೆ, ಆಸರೆ ಹುಡುಕಿ ಹೋಗಿದ್ದ ಹ್ಯೂಸ್ಟನ್, ಅಟ್ಲಾಂಟಾಗಳಿಂದ ಬಂದು ಸೂಟು ತೊಟ್ಟರು.

ಕಲಾಲೋಕ ಇವರನ್ನು ಗಂಭೀರವಾಗಿ ನೋಡಲು ತೊಡಗಿದ್ದು ಆಮೇಲೆಯೇ ಜಾಸ್ತಿ. ಯಂಗ್ ಸೆಮಿನೋಲ್ ಹಂಟರ್ಸ್ ತಂಡದ ಬಿಗ್ ಚೀಫ್ ಡೆಮಂಡ್ ಮೆಲಾಂಕನ್ ಈಗ ಸೂಟಿನ ಜೊತೆಗೆ ಗೋಡೆಗೆ ತೂಗುಹಾಕುವ ಮಣಿ ಭಾವಚಿತ್ರಗಳನ್ನೂ ಮಾಡುತ್ತಾರೆ, ಗ್ಯಾಲರಿಗಳು ಅವನ್ನು ಮಾರುತ್ತವೆ. ಅದೇ ಕೈ, ಅದೇ ಸೂಜಿ, ಅದೇ ಮಣಿ. ಗೋಡೆಯ ಮೇಲಿದ್ದರೆ ಕಾಪಿರೈಟಿಗೆ ತಕರಾರಿಲ್ಲ. ಎದೆಯ ಮೇಲಿದ್ದರೆ ಇದು ಉಡುಪಲ್ಲವೇ ಎಂಬ ಪ್ರಶ್ನೆ. ಇದರಲ್ಲೇನು ನ್ಯಾಯವೋ ನನಗಂತೂ ತಿಳಿಯದು.

2017ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಈ ನಿಯಮವನ್ನು ಸ್ವಲ್ಪ ಸಡಿಲ ಮಾಡಿತು. ಮೊಕದ್ದಮೆ ಚಿಯರ್‌ಲೀಡರ್‌ಗಳ ಉಡುಪಿನ ಪಟ್ಟೆಗಳದ್ದು, ಇಂಡಿಯನ್ನರದ್ದಲ್ಲ. ಉಡುಪಿನ ಮೇಲಿನ ಚಿತ್ರವನ್ನು ಬೇರೆ ಮಾಡಿ ಕಲ್ಪಿಸಿಕೊಂಡಾಗ ಅದು ತಾನಾಗಿ ಕಲಾಕೃತಿ ಎನಿಸುವಂತಿದ್ದರೆ ಕಾಪಿರೈಟ್ ಇದೆ ಎಂದಿತು ಕೋರ್ಟು. ಅಪ್‌ಟೌನಿನ ಮಣಿ ಫಲಕಗಳಿಗೆ ಇದು ಸಲೀಸಾಗಿ ಹೊಂದುತ್ತದೆ. ಆದರೆ ಕೋರ್ಟಿಗೆ ಹೋಗುವ ಮೊದಲು ನೋಂದಣಿ ಆಗಿರಬೇಕು, ಒಂದು ಅರ್ಜಿಗೆ 45ರಿಂದ 65 ಡಾಲರ್ ಶುಲ್ಕ. ಪ್ರತಿ ವರ್ಷ ಹೊಸ ಸೂಟು, ಅಂದರೆ ಪ್ರತಿ ವರ್ಷ ಹೊಸ ಅರ್ಜಿ. ಅಕ್ರಮವಾಗಿ ಫೋಟೋ ಮಾರಿದವನು ಸಿಕ್ಕಿಬೀಳುವ ಹೊತ್ತಿಗೆ ಸೂಟನ್ನು ಬಿಚ್ಚಿ ಮಣಿಗಳನ್ನು ಡಬ್ಬಿಗೆ ತುಂಬಿ ಆಗಿರುತ್ತದೆ. ಇನ್ನು ಇಂಡಿಯನ್ ರೆಡ್‌ನಂಥ ಹಾಡುಗಳಿಗೆ ಆ ಅರ್ಜಿಯೂ ಇಲ್ಲ. ಕಾನೂನಿನ ಕಣ್ಣಲ್ಲಿ ಅವು ಸಾಂಪ್ರದಾಯಿಕ, ಯಾರು ಬೇಕಾದರೂ ರೆಕಾರ್ಡ್ ಮಾಡಿ ಮಾರಬಹುದು.